ಹಡಗಿಗೆ ‘ಮುಳುಗಡೆ’ ಅನ್ಬೋದಾ? (ಜೊತೆಗೆ ದುರಂತ, ಅನಾಹುತದ ಬಗ್ಗೆ ಒಂದು ಡೌಟು)

ನಮಸ್ಕಾರ ಎಲ್ರಿಗೂ,

ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ಪ್ರಶ್ನೆ ಸಣ್ಣದು, ಆದ್ರೆ ಅದು ಹುಟ್ಟಿದ ಕತೆ ಸ್ವಲ್ಪ ಉದ್ದ ಇದೆ, ಬೇಜಾರ್ ಮಾಡ್ಕೋಬೇಡಿ.

ನಮ್ಮ ಸೋದರತ್ತೆ ಮನೆ ಶಿವಮೊಗ್ಗದಿಂದ ಸಾಗರದ ಕಡೆ ಹೋಗೋ ರೋಡಲ್ಲಿ ಒಳಗೆ ಬರುತ್ತೆ. ಅಡಿಕೆ ಕೊಯ್ಲಿನ ಟೈಮಲ್ಲಿ ರಾತ್ರಿ ಹೊತ್ತು ಅಲ್ಲಿ ಸುಲಿಯೋಕೆ ಏಳೆಂಟು ಜನ ಕೂರ್ತಾರೆ, ಡಬ್ಬಕ್ಕೆ ಇಷ್ಟು ಅಂತ ಲೆಕ್ಕ, ಹಾಗಾಗಿ ಕೈ ನಿಲ್ಲೋ ಹಾಗಿಲ್ಲ, ರೂಢಿ ಇದ್ದೋರಿಗೆ ಕತ್ತಿ ಕಡೆ ನೋಡೋದೂ ಬೇಡ, ಕಣ್ಣಿಗೆ ಏನಾದ್ರೂ ಬೇಕು ಅಷ್ಟೇ. ಸೀರಿಯಲ್ ಎಲ್ಲ ಮುಗಿದ ಮೇಲೆ ಆವತ್ತು ನಾನು ಟಿವಿಗೆ ಪೆನ್ ಡ್ರೈವ್ ಚುಚ್ಚಿ 2001ರಲ್ಲಿ ಬಂದ ‘ಪರ್ಲ್ ಹಾರ್ಬರ್’ ಸಿನಿಮಾ ಹಾಕ್ದೆ. ಮೂರು ತಾಸಿಂದು. ಇಂಗ್ಲಿಷು ಯಾರಿಗೂ ಬರಲ್ಲ ಅಂತ ನಾನೇ ಪಕ್ಕದಲ್ಲಿ ಕೂತು ಯಕ್ಷಗಾನದ ಭಾಗವತರ ಥರ ಕತೆ ಹೇಳ್ತಾ ಹೋದೆ.

ಮೊದಲರ್ಧ ಕಷ್ಟ ಆಗ್ಲಿಲ್ಲ. ಇಬ್ರು ಪೈಲಟ್ಟುಗಳು, ಚಿಕ್ಕಂದಿನ ದೋಸ್ತಿ, ಒಬ್ಬಳು ನರ್ಸು. ಒಬ್ಬ ಇಂಗ್ಲೆಂಡಿಗೆ ಯುದ್ಧಕ್ಕೆ ಹೋಗ್ತಾನೆ, ಸತ್ತ ಅಂತ ಸುದ್ದಿ ಬರುತ್ತೆ, ಇನ್ನೊಬ್ಬನಿಗೂ ಅವಳಿಗೂ ಪ್ರೀತಿ ಆಗುತ್ತೆ, ಅಷ್ಟೊತ್ತಿಗೆ ಸತ್ತೋನು ಬಾಗಿಲಲ್ಲಿ ನಿಂತಿರ್ತಾನೆ. ಇಂಥ ಕತೆಗೆ ಕನ್ನಡದಲ್ಲಿ ಪದಗಳು ಬೇಕಾದಷ್ಟಿವೆ. “ಇಬ್ರಲ್ಲಿ ಒಬ್ಬನ್ನ ಸಾಯಿಸ್ತಾರೆ ನೋಡ್ತಿರು” ಅಂತ ಅತ್ತೆ ಅರ್ಧ ತಾಸಿಗೇ ಹೇಳಿಬಿಟ್ರು, ಹಾಗೇ ಆಯ್ತು ಅನ್ನಿ. ಅವರ ತಕರಾರು ಬೇರೆ ಇತ್ತು, “ಇವರ ಲವ್ವು ಮುಗಿಯೋ ತನಕ ಜಪಾನಿನವ್ರು ಕಾಯ್ತಾ ಕೂತಿದ್ರಾ?” ಅಂತ. ನಂದೂ ಅದೇ ತಕರಾರು. ಅಂಥ ದೊಡ್ಡ ಸಾವು ತಂದು ಮೂವರ ಮನಸ್ತಾಪಕ್ಕೆ ಹಿನ್ನೆಲೆ ಮಾಡಿದ್ದು ನಂಗೆ ಈಗ್ಲೂ ಸರಿ ಕಾಣಲ್ಲ.

ಕಷ್ಟ ಶುರುವಾಗಿದ್ದು ಪರ್ಲ್ ಹಾರ್ಬರ್ ಅನ್ನೋ ಅಮೆರಿಕದ ಬಂದರಿನ ಮೇಲೆ ಜಪಾನಿನ ದಾಳಿ ಬಂದಾಗ. 1941 ಡಿಸೆಂಬರ್ 7, ಭಾನುವಾರ, ಬೆಳಿಗ್ಗೆ ಎಂಟು ಗಂಟೆಗೆ ಇನ್ನೂ ಐದು ನಿಮಿಷ ಇತ್ತು. ಇದು ಸಿನಿಮಾದೋರು ಕಟ್ಟಿದ್ದಲ್ಲ, ನಡೆದದ್ದು. ಎಂಟು ದೊಡ್ಡ ಯುದ್ಧನೌಕೆ ಬಂದರಲ್ಲಿದ್ವು, ಎಂಟಕ್ಕೂ ಪೆಟ್ಟು ಬಿತ್ತು, ನಾಲ್ಕು ನೀರಿಗೆ ಹೋದ್ವು, ಒಟ್ಟು 2403 ಜನ ಸತ್ರು. ಅರಿಜೋನಾ ಅನ್ನೋ ಹಡಗಿನ ಮುಂಭಾಗದ ಮದ್ದುಗುಂಡಿನ ಕೋಣೆಗೇ ಬಾಂಬ್ ತಗುಲಿ ಅದೊಂದ್ರಲ್ಲೇ 1177 ಜನ. ಪರದೆ ಮೇಲೆ ಅದು ಸಿಡಿದು ಕೂತಾಗ ನಾನು ಏನೂ ಯೋಚನೆ ಮಾಡ್ದೆ “ಇದು ಪೂರ್ತಿ ಮುಳುಗಡೆ ಆಯ್ತು” ಅಂದೆ.

ಅಂದಿದ್ದೇ ತಡ ಕತ್ತಿ ನಿಂತ್ವು. ಎಲ್ಲರದ್ದೂ ಅಲ್ಲ, ವಯಸ್ಸಾದ ಮೂವರದ್ದು. ಅತ್ತೆ ಕೈಯಲ್ಲಿದ್ದ ಅಡಿಕೆ ಹಾಗೇ ಹಿಡ್ಕೊಂಡು “ಎಂತ ಆಯ್ತು ಅಂದೆ?” ಅಂದ್ರು. ನಾನು ಮತ್ತೆ ಹೇಳ್ದೆ. ಪಕ್ಕದ ಮನೆ ಅಜ್ಜಿ ನಕ್ಕೊಂಡು “ಎಷ್ಟು ಎಕ್ರೆ ಹೋಯ್ತಂತೆ?” ಅಂತ ಕೇಳಿದ್ರು. ಹುಡುಗ್ರು ಜೋರಾಗಿ ನಕ್ವು, ಅತ್ತೆ ನಗಲಿಲ್ಲ.

ಹೊರಗಿನೋರಿಗೆ ಒಂದು ಮಾತು ಹೇಳ್ಬೇಕು. ನಮ್ಮ ಶರಾವತಿ ಸೀಮೆ ಮೂಲದವ್ರಲ್ಲಿ ಮುಳುಗಡೆ ಅಂದ್ರೆ ಒಂದೇ. ಲಿಂಗನಮಕ್ಕಿ ಡ್ಯಾಮು, 1964. “ಮುಳುಗಡೆಗಿಂತ ಮುಂಚೆ”, “ಮುಳುಗಡೆ ಆದ ವರ್ಷ”, “ಅವ್ರು ಮುಳುಗಡೆಯವ್ರು” ಅಂತ ಕಾಲಕ್ಕೂ ಜನಕ್ಕೂ ಅದೇ ಗುರುತು. ಅತ್ತೆ ಆಗ ಎಂಟೊಂಬತ್ತು ವರ್ಷದ ಹುಡುಗಿ, ಪಾತ್ರೆ, ದನ, ಕಂಬ, ಹೆಂಚು ಎಲ್ಲ ಲಾರಿಗೆ ಹೇರ್ಕೊಂಡು ಈ ಕಡೆ ಬಂದೋರು. ಅವರು ಹುಟ್ಟಿದ ಮನೆ ಜಾಗ ಈಗ್ಲೂ ಹಿನ್ನೀರಿನ ಕೆಳಗಿದೆ. ಅಂಥೋರ ಮುಂದೆ ಹಡಗಿಗೆ ಹೋಗಿ ಆ ಪದ ಹೇಳ್ದೆ ನೋಡಿ.

ಸಿನಿಮಾ ನಿಲ್ಲಿಸಿ ಚರ್ಚೆ ಶುರುವಾಯ್ತು. ನಾನು ಹೇಳ್ದೆ, ಪೇಪರಲ್ಲಿ ಹಡಗು ಮುಳುಗಡೆ ಅಂತ ಬರೀತಾರಲ್ಲ, ಮಳೆಗಾಲದಲ್ಲಿ ಸೇತುವೆ ಮುಳುಗಡೆ, ಗದ್ದೆ ಮುಳುಗಡೆ ಅಂತಾನೂ ಬರುತ್ತೆ ಅಂತ. ಅತ್ತೆ ಒಪ್ಪಲಿಲ್ಲ. ಅವರ ಪ್ರಕಾರ ಮಳೆಗೆ ಗದ್ದೆ ಮುಳುಗ್ತದೆ, ನೀರು ಇಳಿದ್ರೆ ಮತ್ತೆ ನಟ್ಟಿ ಮಾಡ್ಬಹುದು, ಅದು ಮುಳುಗಿದ್ದು. ಮುಳುಗಡೆ ಅಂದ್ರೆ ವಾಪಸ್ ಬರದೇ ಇರೋದು. ನಾನು ಬಿಡ್ದೆ, ಬೇಸಿಗೇಲಿ ನೀರು ಕಡಿಮೆ ಆದಾಗ ಹಳೇ ಮಡೆನೂರು ಡ್ಯಾಮೇ ಎದ್ದು ಕಾಣುತ್ತಲ್ಲ, ಜನ ನೋಡೋಕೆ ಹೋಗ್ತಾರಲ್ಲ ಅಂದೆ. “ಕಾಣ್ತದೆ. ಕಂಡು ಎಂತ ಮಾಡೂದು, ಅಲ್ಲಿ ಹೋಗಿ ಒಲೆ ಹಚ್ಚುಕೆ ಆಗ್ತದಾ?” ಅಂದ್ರು.

ಆಮೇಲೆ ರಾತ್ರಿ ಮಲಗಿ ಯೋಚನೆ ಮಾಡ್ದಾಗ ನಂಗನ್ಸಿದ್ದು ಇದು. ಮುಳುಗು ಅನ್ನೋದ್ರಲ್ಲಿ ವಸ್ತು ಕೆಳಗೆ ಹೋಗುತ್ತೆ, ನೀರು ಅಲ್ಲೇ ಇರುತ್ತೆ. ಬಕೆಟ್ಟಲ್ಲಿ ಸೋಪು ಮುಳುಗ್ತು ಅಂತೀವಿ, ಎಮ್ಮೆ ಕೆರೇಲಿ ಮುಳುಗ್ತು ಅಂತೀವಿ, ಅದಕ್ಕೆ ಯಾರೂ ಮುಳುಗಡೆ ಅನ್ನಲ್ಲ. ಮುಳುಗಡೆ ಅಂದಾಗ ವಸ್ತು ಇದ್ದಲ್ಲೇ ಇರುತ್ತೆ, ನೀರು ಮೇಲೆ ಬಂದು ಮುಚ್ಚುತ್ತೆ. ಊರು, ಗದ್ದೆ, ಸೇತುವೆ, ದೇವಸ್ಥಾನ, ಎಲ್ಲಾ ಎದ್ದು ಹೋಗೋಕೆ ಆಗದೇ ಇರೋವೇ. ಆ ಲೆಕ್ಕದಲ್ಲಿ ಪೇಪರ್‌ನವ್ರ ‘ಹಡಗು ಮುಳುಗಡೆ’ ತಪ್ಪು ಬಳಕೆ ಆಗುತ್ತೆ. ಇನ್ನೊಂದು ಕಡೆಯಿಂದ ನೋಡಿದ್ರೆ ಬಿಡುಗಡೆ, ನಿಲುಗಡೆ ಇದ್ದ ಹಾಗೆ ಇದೂ ಒಂದು ಗಡೆ. ಬಿಡುಗಡೆ ಅಂದ್ರೆ ಯಾರೋ ಬಿಡಬೇಕು, ನಿಲುಗಡೆ ಅಂದ್ರೆ ಇಲ್ಲಿ ನಿಲ್ಲಬೇಕು ಅಂತ ಯಾರೋ ಗೊತ್ತು ಮಾಡಿರ್ಬೇಕು. ಹಾಗೇ ಮುಳುಗಡೆ ಹಿಂದೆನೂ ಯಾರದ್ದೋ ತೀರ್ಮಾನ, ಒಂದು ಆರ್ಡರ್ರು ಇರುತ್ತಾ? ಅಥವಾ ಇದು ನಾನು ಕಟ್ಟಿದ್ದಾ? ವ್ಯಾಕರಣ ಬಲ್ಲೋರು ಹೇಳ್ಬೇಕು, ಮುಳುಗು ಜೊತೆ ಅಡೆ ಸೇರಿದ್ದಾ, ಗಡೆ ಸೇರಿ ಒಂದು ಗಕಾರ ಬಿದ್ದೋಗಿದ್ದಾ ಅನ್ನೋದೂ ಸೇರಿಸಿ.

ಆದ್ರೆ ತಮಾಷೆ ಏನಂದ್ರೆ ಆವತ್ತಿನ ಹಡಗುಗಳ ಹಣೆಬರಹ ನೋಡ್ತಾ ಹೋದ್ರೆ ಅತ್ತೆ ಮಾಡಿದ ಭೇದ ಅಲ್ಲೂ ಹೊಂದುತ್ತೆ. ಆ ಬಂದರು ಆಳ ಇಲ್ಲ, ನಲವತ್ತು ನಲವತ್ತೈದು ಅಡಿ ಅಷ್ಟೇ. ವೆಸ್ಟ್ ವರ್ಜೀನಿಯಾ, ಕ್ಯಾಲಿಫೋರ್ನಿಯಾ ಎರಡೂ ತಳ ಕಂಡ್ವು, ಆಮೇಲೆ ಎತ್ತಿ ರಿಪೇರಿ ಮಾಡಿ ಅದೇ ಯುದ್ಧಕ್ಕೆ ಕಳಿಸಿದ್ರು. ಇವು ಮುಳುಗಿದ್ವು, ಎದ್ವು. ಓಕ್ಲಹಾಮಾ ಮಗುಚಿತು. ಇಲ್ಲಿ ಮಗುಚು ಬಿಟ್ರೆ ಬೇರೆ ಪದ ಬೇಡ, ದೋಸೆ ಮಗುಚಿದ ಹಾಗೆ ತಳ ಮೇಲಾಗಿ ಬಿತ್ತು, ಒಳಗೆ ಸಿಕ್ಕೊಂಡವ್ರು ತಗಡಿಗೆ ಟಕಟಕ ಬಡೀತಿದ್ದ ಸದ್ದು ಹೊರಗೆ ಕೇಳ್ತಿತ್ತು, ತಳ ಕೊರೆದು 32 ಜನರನ್ನ ಹೊರಗೆ ತೆಗೆದ್ರು, ಆ ಹಡಗಲ್ಲಿ ಒಟ್ಟು 429 ಜನ ಹೋದ್ರು. ಅರಿಜೋನಾ ಮಾತ್ರ ಕಟ್ಟಿದ್ದ ಜಾಗದಲ್ಲೇ ಕೂತಿದ್ದು ಇವತ್ತಿಗೂ ಅಲ್ಲೇ ಇದೆ. ಒಂಬೈನೂರಕ್ಕೂ ಹೆಚ್ಚು ಜನರ ದೇಹ ಒಳಗೇ ಇವೆ. ಅದರ ಮೇಲೆ ಅಡ್ಡಲಾಗಿ 1962ರಲ್ಲಿ ಸ್ಮಾರಕ ಮಾಡಿದಾರೆ, ನಿಂತು ಬಗ್ಗಿ ನೋಡಿದ್ರೆ ನೀರಿನ ಕೆಳಗೆ ಹಡಗು ಕಾಣುತ್ತೆ, ಹನಿ ಹನಿ ಎಣ್ಣೆ ಇನ್ನೂ ಮೇಲೆ ಬರ್ತಾ ಇದೆ. ಬದುಕಿ ಉಳಿದ ಕೆಲವು ನಾವಿಕರು ವಯಸ್ಸಾಗಿ ಸತ್ತ ಮೇಲೆ ಅವರ ಬೂದಿನೂ ಡೈವರ್‌ಗಳು ಅದರೊಳಗೇ ಇಟ್ಟು ಬಂದಿದಾರೆ. ಇದನ್ನ ಮಾರನೇ ದಿನ ಅತ್ತೆಗೆ ಹೇಳಿದ್ದಕ್ಕೆ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ “ಹಂಗಾರೆ ಅದಕ್ಕೆ ಹೇಳು” ಅಂದ್ರು. ಅಂದ್ರೆ ಅರಿಜೋನಾಕ್ಕೆ ಮುಳುಗಡೆ ಪಾಸು, ಉಳಿದವಕ್ಕೆ ಇಲ್ಲ.

ಇದೇ ಗಲಾಟೇಲಿ ಸಿಕ್ಕ ಇನ್ನೊಂದು ಜೋಡಿ ದುರಂತ, ಅನಾಹುತ. ಸಿನಿಮಾ ಬಗ್ಗೆ ಕನ್ನಡದಲ್ಲಿ ಬರೆಯೋರೆಲ್ಲ “ಪರ್ಲ್ ಹಾರ್ಬರ್ ದುರಂತ” ಅಂತಾರೆ. ದುರಂತ ಅಂದ್ರೆ ಕೆಟ್ಟ ಕೊನೆ ಅಂತ ಸ್ಕೂಲಲ್ಲಿ ಕಲ್ತಿದ್ವಿ, ಸಂಸ್ಕೃತದಲ್ಲಿ ಅದಕ್ಕೆ ಕೊನೆಯೇ ಇಲ್ಲದ್ದು ಅನ್ನೋ ಅರ್ಥಾನೂ ಇದೆ. ಈಗಿನ ಪೇಪರ್ ಭಾಷೇಲಿ ಬಸ್ ದುರಂತ, ಪಟಾಕಿ ದುರಂತ ಅಂತ ಎಲ್ಲದಕ್ಕೂ ಹಚ್ಚಿ ಹಚ್ಚಿ ಆಕ್ಸಿಡೆಂಟ್ ಅನ್ನೋ ಅರ್ಥಕ್ಕೆ ಇಳಿದಿದೆ, ಅದೇ ನಂಗೆ ತೊಡಕು, ಯಾಕಂದ್ರೆ ಇಲ್ಲಿ ಬಾಂಬ್ ಹಾಕಿದೋರು ಇದಾರೆ. ಟ್ರಾಜಿಡಿ ಅನ್ನೋ ನಾಟಕದ ಜಾತಿಗೆ ಬಿ.ಎಂ. ಶ್ರೀಯವರು ಬಳಸಿದ ರುದ್ರನಾಟಕ ಅನ್ನೋ ಪದ ಗಟ್ಟಿ ಇದೆ, ಆದ್ರೆ ನಿಜವಾಗಿ ನಡೆದದ್ದಕ್ಕೆ ರುದ್ರ ಅಂತ ಹಚ್ಚಿದ್ರೆ ಮತ್ತೆ ಅದನ್ನೇ ನಾಟಕ ಮಾಡಿದ ಹಾಗಾಗುತ್ತೆ.

ನಮ್ಮ ಕಡೆ ಬಾಯಲ್ಲಿ ಬರೋದು ಅನಾಹುತ. “ದೊಡ್ಡ ಅನಾಹುತ ಆಗ್ಹೋಯ್ತು ಮಾರಾಯ.” ಇದು ಸಂಸ್ಕೃತದ ಅನಾಹೂತ, ಅಂದ್ರೆ ಕರೆಯದೇ ಬಂದದ್ದು, ಅದರಿಂದ ಬಂದಿರ್ಬೇಕು ಅಂತ ನನ್ನ ಊಹೆ. ಸರಿ ಇದ್ರೆ ಇದಕ್ಕಿಂತ ಒಪ್ಪೋ ಪದ ಇಲ್ಲ, ಮಾತುಕತೆ ಮುರಿದಿದೆ ಅನ್ನೋ ಜಪಾನಿನ ಪತ್ರ ವಾಷಿಂಗ್ಟನ್‌ನಲ್ಲಿ ಕೈ ಸೇರಿದ್ದೇ ಬಾಂಬ್ ಬಿದ್ದ ಮೇಲೆ. ಆದ್ರೆ ಹಾಲು ಉಕ್ಕಿದ್ರೂ ಅನಾಹುತ ಅಂತೀವಲ್ಲ, ತೂಕ ಸಾಲುತ್ತಾ? ಇನ್ನು ನಮ್ಮ ಶಿಕಾರಿಪುರದ ಈಸೂರು ನೋಡಿ, ಅದೇ ಯುದ್ಧದ ಕಾಲ, 1942. ಅಲ್ಲೂ ಸಾವಾಯ್ತು, 1943ರಲ್ಲಿ ಐವರನ್ನ ಗಲ್ಲಿಗೇರಿಸಿದ್ರು. ಕೆಲವರು ದಂಗೆ ಅಂತಾರೆ, ಕೆಲವರು ಹೋರಾಟ ಅಂತಾರೆ, ‘ಈಸೂರು ದುರಂತ’ ಅಂತ ಮಾತ್ರ ನಾನು ಒಂದಿನಾನೂ ಕೇಳಿಲ್ಲ.

ಮರೆತಿದ್ದೆ, ಆ ಸಿನಿಮಾದಲ್ಲಿ ಡೋರಿ ಮಿಲ್ಲರ್ ಅಂತ ಬರ್ತಾನೆ, ನಿಜವಾಗಿ ಇದ್ದ ಕರಿಯ ನಾವಿಕ, ಹಡಗಿನ ಅಡುಗೆಮನೆ ಕಡೆ ಕೆಲಸ, ತರಬೇತಿನೇ ಇಲ್ಲದೆ ವಿಮಾನ ಹೊಡೆಯೋ ಗನ್ನು ಹಿಡಿದು ನಿಂತೋನು. ನಾನು ಅವಸರದಲ್ಲಿ “ಅಡುಗೆ ಭಟ್ರು” ಅಂದುಬಿಟ್ಟೆ. ಮುಗೀತು, ಸಿನಿಮಾ ಮುಗಿಯೋ ತನಕ ಎಲ್ರೂ “ಭಟ್ರು ಎಲ್ಲಿ, ಭಟ್ರು ಉಳಿದ್ರಾ” ಅಂತ ಕೇಳ್ತಾನೇ ಇದ್ರು. ಆ ದಾಳಿಯಲ್ಲಿ ಉಳಿದ, ದೊಡ್ಡ ಪದಕನೂ ಬಂತು, 1943ರಲ್ಲಿ ಬೇರೆ ಹಡಗಿನ ಜೊತೆ ಹೋದ. ಮೆಸ್ಸಿನ ಕೆಲಸದವ್ರಿಗೆ ಜಾತಿ ಅಂಟದ ಒಳ್ಳೇ ಕನ್ನಡ ಪದ ಇದ್ರೆ ಅದನ್ನೂ ಹೇಳಿ.

ಮುಖ್ಯ ಕೇಳ್ಬೇಕಾಗಿದ್ದು ಎರಡು ಕಡೆಯವ್ರನ್ನ. ಬಾಗಲಕೋಟೆಯವ್ರು, ನಿಮ್ಮದನ್ನೂ ಮುಳುಗಡೆ ನಗರಿ ಅಂತಾರಲ್ಲ, ನಿಮ್ಮನೇಲಿ ಹಿರಿಯರು ದೋಣಿಗೆ, ಗದ್ದೆಗೆ ಆ ಪದ ಹಚ್ತಾರಾ, ಅಥವಾ ನಮ್ಮತ್ತೆ ಹಾಗೆ ತೆಗೆದಿಟ್ಟಿದಾರಾ? ಹೊನ್ನಾವರ, ಭಟ್ಕಳ, ಕುಂದಾಪುರದ ಕಡಲ ಕಡೆಯವ್ರು, ಬೋಟು ಕಡಲಲ್ಲಿ ಹೋದಾಗ ನಿಮ್ಮಲ್ಲಿ ಬಾಯಲ್ಲಿ ಏನಂತಾರೆ, ಪೇಪರಲ್ಲಿ ಬರೆಯೋದಲ್ಲ, ಮನೇಲಿ ಅನ್ನೋದು.

ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಮಾಡೋಕೆ ಶುರು ಮಾಡಿದೀನಿ, ನಮ್ಮನೆ ಮಟ್ಟಿಗೆ. ಓಕ್ಲಹಾಮಾ ‘ಮಗುಚಿತು’ ಅಂತ ಆಗಿದೆ. ಅರಿಜೋನಾ ಸಾಲು ಖಾಲಿ ಬಿಟ್ಟಿದೀನಿ, ಅತ್ತೆ ಒಪ್ಪಿದಾರೆ, ಪಕ್ಕದ ಮನೆ ಅಜ್ಜಿ ಇನ್ನೂ ಒಪ್ಪಿಲ್ಲ.