ಸಹಾಯ ಬೇಕು: ಬೋರ್ಡ್ ಮೇಲೆ ಚಿತ್ರ ಬರೆದು ತೋರಿಸಬೇಕಾ, ಬೇಡವಾ?

ಎಲ್ಲರಿಗೂ ನಮಸ್ಕಾರ. ನಾನು ಬೇಲೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಡ್ರಾಯಿಂಗ್‌ಗೆ ಬೇರೆ ಟೀಚರ್ ಇಲ್ಲ, ಹಾಗಾಗಿ 3 ಮತ್ತು 4ನೇ ಕ್ಲಾಸಿಗೆ ನಾನೇ ಹೇಳಿಕೊಡುತ್ತೇನೆ.

ಏನು ಬೇಕಾದರೂ ಬರೆಯಿರಿ ಅಂದರೆ ಎಲ್ಲರದ್ದೂ ಒಂದೇ ಚಿತ್ರ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಮನೆ, ಒಂದು ತೆಂಗಿನ ಮರ. ಕಾಫಿ ತೋಟದ ಲೈನ್ ಮನೆಯಿಂದ ಬರುವ ಮಗುವೂ ಇದನ್ನೇ ಬರೆಯುತ್ತದೆ.

ಹಳೇಬೀಡಿಗೆ ಕರೆದುಕೊಂಡು ಹೋದೆ. ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಆನೆಗಳಿವೆಯಲ್ಲ, ಅವನ್ನು ನಿಧಾನವಾಗಿ ನೋಡಿಸಿದೆ. "ಮಿಸ್, ಇದರ ಸೊಂಡಿಲು ಬೇರೆ ಥರ ಇದೆ" ಅಂತ ಅವರೇ ಹುಡುಕಿ ಹುಡುಕಿ ಹೇಳಿದರು. ಎಷ್ಟು ಖುಷಿಯಾಯಿತು! ಆದರೆ ಕ್ಲಾಸಿಗೆ ಬಂದು ಹಾಳೆ ಕೊಟ್ಟರೆ ಕೈ ಓಡಲಿಲ್ಲ. ಒಂದು ಗೆರೆ ಎಳೆಯೋದು, ರಬ್ಬರ್ ಹಿಡಿಯೋದು. ಹಾಳೆ ತೂತಾಗುವವರೆಗೆ ಉಜ್ಜುತ್ತಾರೆ. "ನೀವೇ ಬರೆದುಕೊಡಿ ಮಿಸ್" ಅಂತ ಒಂದೇ ಹಟ.

ರಬ್ಬರ್ ತೆಗೆದಿಟ್ಟು ನೋಡಿದೆ, ಕೆಲವರು ಅತ್ತೇಬಿಟ್ಟರು. ಕ್ರೆಯಾನ್ಸ್ ಕೊಟ್ಟಾಗ ಸ್ವಲ್ಪ ಪರವಾಗಿಲ್ಲ. ಎಲೆಗೆ ಬಣ್ಣ ಹಚ್ಚಿ ಅಚ್ಚು ಒತ್ತಿಸಿದಾಗ ಮಾತ್ರ ಎಲ್ಲರೂ ಚೆನ್ನಾಗಿ ಮಾಡಿದರು. ಅಲ್ಲಿ ತಪ್ಪಾಗುತ್ತೆ ಅನ್ನೋ ಭಯ ಇಲ್ಲ, ಅಲ್ವಾ?

ನಾನು ಸಿಕ್ಕಿಕೊಂಡಿರೋದು ಇಲ್ಲಿ. ಬೋರ್ಡ್ ಮೇಲೆ ಆನೆ ಬರೆದು ತೋರಿಸಿದರೆ ಎಲ್ಲರೂ ನನ್ನ ಆನೆಯನ್ನೇ ಕಾಪಿ ಮಾಡುತ್ತಾರೆ. ತೋರಿಸದಿದ್ದರೆ ಖಾಲಿ ಹಾಳೆ ಮುಂದಿಟ್ಟುಕೊಂಡು ಸುಮ್ನೆ ಕೂರುತ್ತಾರೆ.

8-9 ವರ್ಷದ ಮಕ್ಕಳಿಗೆ ಚಿತ್ರ ಕಲಿಸುವವರು ದಯವಿಟ್ಟು ಹೇಳಿ. ನೀವು ಬರೆದು ತೋರಿಸುತ್ತೀರಾ, ಇಲ್ವಾ? ತೋರಿಸುವುದಾದರೆ ಎಷ್ಟು ಬರೆದು ನಿಲ್ಲಿಸುತ್ತೀರಿ?