ಪಿಕಪ್ ಗಾಡಿ: ಡಿಮ್ ಲೈಟ್ ಎರಡೂ ಒಟ್ಟಿಗೇ ಆರ್ತಾವೆ, ಬ್ರೈಟ್ ಮಾತ್ರ ಬರ್ತದೆ

ಭರಮಸಾಗರದ ಪಿಕಪ್:
ಅಣ್ಣಂದಿರೇ, ಈರುಳ್ಳಿ ತುಂಬ್ಕೊಂಡು ರಾತ್ರಿ ಯಶವಂತಪುರಕ್ಕೆ ಹೊಡೆಯೋ ಗಾಡಿ ನಂದು. ಊರು ಬಿಟ್ಟಾಗ ಲೈಟ್ ಚೆನ್ನಾಗೇ ಇರ್ತಾವೆ. ದುರ್ಗ ದಾಟಿ ಐಮಂಗಲದ ಹತ್ರ ಹೋಗೋ ಹೊತ್ತಿಗೆ ಎರಡೂ ಕಡೆ ಡಿಮ್ ಒಟ್ಟಿಗೇ ಆರಿಹೋಗ್ತದೆ. ಲಿವರ್ ಎಳೆದು ಹಿಡಿದ್ರೆ ಬ್ರೈಟ್ ಝಗ್ ಅಂತ ಬರ್ತದೆ. ಪಕ್ಕಕ್ಕೆ ಹಾಕಿ ಸ್ವಲ್ಪ ಹೊತ್ತು ಆಫ್ ಮಾಡಿಟ್ರೆ ಡಿಮ್ ಮತ್ತೆ ಹತ್ಕೊಳ್ತದೆ. ಬಲ್ಬ್ ಎರಡೂ ಹೊಸವು, 60/55 ವ್ಯಾಟಿನ ಎಚ್4. ಫ್ಯೂಸ್ ಸುಟ್ಟಿಲ್ಲ. ಗ್ಯಾರೇಜಿಗೆ ಹೋದ್ರೆ ಎಲ್ಲಾ ಸರಿಯಾಗೇ ಉರೀತಾವೆ. ಮುಂದೆ ಇಂಡಿಕೇಟರ್ ಇಲ್ಲದೆ ನಿಂತಿರೋ ಲಾರಿ ಇದ್ದಾಗ ಕತ್ತಲಾದ್ರೆ ಏನ್ ಗತಿ ಅಂತ ನಿದ್ದೆ ಬರ್ತಿಲ್ಲ. ಎಲ್ಲಿಂದ ಹುಡುಕೋದು ಹೇಳಿ.

ಹರಿಹರದ ಡ್ರೈವರ್:
ಅರ್ತ್ ನೋಡ್ರಿ ಮೊದ್ಲು. ಲೈಟಿನ ಹಿಂದೆ ಮೈನಸ್ ವೈರನ್ನ ಗಾಡಿಯ ತಗಡಿಗೆ ಬೋಲ್ಟ್ ಹಾಕಿರ್ತಾರಲ್ಲ, ಅಲ್ಲಿ ತುಕ್ಕು ಹಿಡಿದಿರ್ತೈತಿ. ಎಮರಿ ಪೇಪರ್‌ನಿಂದ ಉಜ್ಜಿ ಬಿಗಿ ಮಾಡ್ರಿ.

ದುರ್ಗದ ಆಟೋ ಎಲೆಕ್ಟ್ರಿಷಿಯನ್:
ಅರ್ತ್ ಉಜ್ಜೋದು ಒಳ್ಳೇದೇ, ಆದ್ರೆ ಇಲ್ಲಿ ಅದಲ್ಲ ಅನ್ಸುತ್ತೆ. ಎಚ್4 ಬಲ್ಬಿಗೆ ಮೂರು ಕಾಲು: ಡಿಮ್ಮಿಗೊಂದು, ಬ್ರೈಟಿಗೊಂದು, ಎರಡಕ್ಕೂ ಸೇರಿ ಅರ್ತಿಗೆ ಹೋಗೋ ಒಂದು ಕಾಮನ್. ಆ ಕಾಮನ್ ಕೈಕೊಟ್ಟಿದ್ರೆ ಬ್ರೈಟೂ ಮಂಕಾಗ್ಬೇಕಿತ್ತು. ಎರಡೂ ಕಡೆ ಒಟ್ಟಿಗೆ ಹೋಗ್ತಾ ಇರೋದ್ರಿಂದ ಬಲ್ಬು, ಹೋಲ್ಡರ್ ಮೇಲೂ ಅನುಮಾನ ಇಲ್ಲ. ಉಳಿಯೋದು ಡಿಮ್ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿಗೆ ಬಲ್ಬಿನ ದೊಡ್ಡ ಕರೆಂಟ್ ಹಾಯಿಸೋ ಡಬ್ಬಿ), ಅದರ ಸಾಕೆಟ್ಟು, ಇಲ್ಲಾ ಸ್ಟೀರಿಂಗ್ ಕೆಳಗಿನ ಕಾಂಬಿನೇಷನ್ ಸ್ವಿಚ್. 55 ವ್ಯಾಟಿನ ಎರಡು ಬಲ್ಬು 12 ವೋಲ್ಟಿಗೆ 9 ಆಂಪಿಯರ್ ಮೇಲೆ ಎಳೀತಾವೆ. ಪಿನ್ ಸಡಿಲ ಇದ್ರೆ ಅಲ್ಲೇ ಕಾಯ್ತದೆ, ಕಾದಷ್ಟೂ ಹಿಡಿತ ಬಿಡ್ತದೆ, ತಣ್ಣಗಾದ್ಮೇಲೆ ಮತ್ತೆ ತಾಗ್ತದೆ. ನೀನು ಹೇಳಿದ ಲಕ್ಷಣ ಪೂರ್ತಿ ಅದೇ ತಮ್ಮಾ.

ಸರಿ ಇದ್ದಾಗ ಎಷ್ಟು ನೋಡಿದ್ರೂ ಸಿಗಲ್ಲ. ಸಂಜೆ ಮನೆ ಮುಂದೆ ಇಂಜಿನ್ ಓಡಿಸಿ ಡಿಮ್ ಹಾಕಿ ಬಿಡು. ಆರಿದ ಕೂಡ್ಲೇ, ಸ್ವಿಚ್ ಮುಟ್ಟದೆ, ರಿಲೇ ಸಾಕೆಟ್ಟಿನ ವೈರ್ ಕಡೆಯಿಂದ ಮೀಟರ್ ಹಿಡಿ. ರಿಲೇ ಮೇಲೇ ಕಾಲುಗಳ ನಂಬರ್ ಇರ್ತಾವೆ: 30 ಕರೆಂಟ್ ಒಳಗೆ ಬರೋದು, 85, 86 ಸ್ವಿಚ್ ಹಾಕಿದಾಗ ರಿಲೇ ಎಳೆಯೋದು, 87 ಬಲ್ಬಿಗೆ ಹೋಗೋದು. 30ರಲ್ಲಿ ಕರೆಂಟ್ ಇಲ್ಲ ಅಂದ್ರೆ ಫ್ಯೂಸ್ ಬಾಕ್ಸ್ ಕಡೆ ಹೋಗು. 85, 86ರ ಮಧ್ಯೆ 12 ವೋಲ್ಟ್ ಬರ್ದಿದ್ರೆ ಸ್ವಿಚ್ ಕಡೆ. ಇವೆರಡೂ ಸರಿ ಇದ್ದು 87ರಲ್ಲಿ ಮಾತ್ರ ಬರ್ದಿದ್ರೆ ರಿಲೇ ಇಲ್ಲಾ ಸಾಕೆಟ್ಟು.

ಭರಮಸಾಗರದ ಪಿಕಪ್:
ಅಣ್ಣ, ನೀವು ಹೇಳಿದಂಗೇ ನೋಡ್ದೆ. 87ರಲ್ಲಿ ಕರೆಂಟ್ ಇಲ್ಲ! ರಿಲೇ ಕಿತ್ರೆ ಬೇರೆ ಕಾಲೆಲ್ಲ ಹೊಳೀತಾವೆ, ಅದೊಂದೇ ಕಪ್ಪಗೆ ಆಗೈತೆ. ಸಾಕೆಟ್ಟಿನ ಪ್ಲಾಸ್ಟಿಕ್ ಕಂದಾಗಿ, ಆ ಪಿನ್ನಿನ ಪಕ್ಕ ಒಂದು ಮೂಲೆ ಕರಗಿ ಒಳಗೆ ಬಾಗೈತೆ. ಹೊಸ ರಿಲೇ ಹಾಕಿದ್ರೆ ಸಾಕಾ?

ದುರ್ಗದ ಆಟೋ ಎಲೆಕ್ಟ್ರಿಷಿಯನ್:
ಸಾಲಲ್ಲ. ಸಾಕೆಟ್ಟಿನೊಳಗಿನ ಟರ್ಮಿನಲ್ ಬಿಸಿಗೆ ಸ್ಪ್ರಿಂಗ್ ಕಳ್ಕೊಂಡಿರ್ತದೆ, ಹೊಸ ರಿಲೇನೂ ಅಲ್ಲೇ ಸುಡ್ತದೆ. ಮೊದ್ಲು ಬ್ಯಾಟರಿ ಮೈನಸ್ ಬಿಚ್ಚು. ಸಾಕೆಟ್ಟು, ರಿಲೇ ಎರಡೂ ಬದಲಾಯಿಸು. 87ರ ವೈರ್ ಕಪ್ಪಾದಷ್ಟು ಕತ್ತರಿಸಿ, ಒಳಗೆ ಹೊಳೆಯೋ ತಾಮ್ರ ಸಿಕ್ಕ ಮೇಲೆ ಹೊಸ ಟರ್ಮಿನಲ್ ಒತ್ತು. ತಿರುಚಿ ಟೇಪ್ ಸುತ್ತಬೇಡ. ಬೆಳಕು ಜಾಸ್ತಿ ಬೇಕು ಅಂತ ಯಾರಾದ್ರೂ 100/90 ಬಲ್ಬ್ ಕೊಟ್ರೆ ತಗೋಬೇಡ, ಅದು ಕಾನೂನಿಗೂ ಸರಿ ಇಲ್ಲ, ವೈರಿಗೂ ಸರಿ ಇಲ್ಲ. ಇದು ಮುಗಿಯೋ ತನಕ ರಾತ್ರಿ ಲೋಡ್ ಒಪ್ಕೋಬೇಡಪ್ಪ.