ಆಂಪ್ 1500 ವ್ಯಾಟ್, ಸಬ್ 1200 ವ್ಯಾಟ್. ಆದರೂ ಯಾಕೆ ಆಫ್ ಆಗುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಹೋದ ತಿಂಗಳು ಕಾರಿಗೆ 12 ಇಂಚಿನ ಸಬ್‌ವೂಫರ್ (ಬಾಸ್ ಸ್ಪೀಕರ್) ಹಾಕಿಸಿದೆ. ಸಬ್ ಡಬ್ಬದ ಮೇಲೆ 1200 ವ್ಯಾಟ್, ಆಂಪ್ (ಆಂಪ್ಲಿಫೈಯರ್) ಡಬ್ಬದ ಮೇಲೆ 1500 ವ್ಯಾಟ್ ಎಂದಿದೆ. ಜೋರಾಗಿ ಹಾಕಿದರೆ ಹತ್ತೇ ನಿಮಿಷಕ್ಕೆ ಆಂಪ್ ಸಿಕ್ಕಾಪಟ್ಟೆ ಬಿಸಿಯಾಗಿ, ಕೆಂಪು ಲೈಟ್ ಬಂದು ಆಫ್ ಆಗುತ್ತದೆ. ಅಂಗಡಿಯವರು ಇನ್ನೂ ದೊಡ್ಡ ಆಂಪ್ ತಗೊಳ್ಳಿ ಅನ್ನುತ್ತಾರೆ. ಬೇಕಾ?

ಉತ್ತರ: ಸದ್ಯಕ್ಕೆ ಏನೂ ಕೊಳ್ಳಬೇಡಿ. ಡಬ್ಬದ ಮೇಲಿನ ಆ ದೊಡ್ಡ ಅಂಕಿ ಪೀಕ್ ಪವರ್, ಅಂದರೆ ಕ್ಷಣಮಾತ್ರದ ಗರಿಷ್ಠ. ಜೋಡಿ ಹೊಂದಿಸಲು ಅದು ಕೆಲಸಕ್ಕೆ ಬರಲ್ಲ. ಮ್ಯಾನ್ಯುಯಲ್‌ನಲ್ಲಿ ಆರ್‌ಎಂಎಸ್ (ಸತತವಾಗಿ ನಡೆಯುವ ಪವರ್) ಎಷ್ಟು, ಓಮ್ (ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆ) ಎಷ್ಟು ನೋಡಿ ಹೇಳಿ. ಆಂಪ್‌ನ ಫ್ಯೂಸ್ ಎಷ್ಟು ಆಂಪಿಯರ್ ಅಂತಲೂ ಬೇಕು.

ಪ್ರಶ್ನೆ: ಸಬ್ 300 ಆರ್‌ಎಂಎಸ್, ಎರಡು ಕಾಯಿಲ್, ತಲಾ 2 ಓಮ್. ಆಂಪ್ ಮೊನೊಬ್ಲಾಕ್ (ಒಂದೇ ಚಾನೆಲ್), ಕ್ಲಾಸ್ ಡಿ ಅನ್ನುವ ಬಗೆ: 4 ಓಮ್‌ಗೆ 180, 2 ಓಮ್‌ಗೆ 300 ಆರ್‌ಎಂಎಸ್. ಫ್ಯೂಸ್ 30.

ಉತ್ತರ: ಫ್ಯೂಸೇ ನಿಜ ಹೇಳುತ್ತದೆ ನೋಡಿ. 30 ಆಂಪಿಯರನ್ನು, ಎಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಗುಣಿಸಿದರೆ 414 ವ್ಯಾಟ್. ಅದರಲ್ಲಿ ಶೇ. 80 ಹೊರಬಂದರೂ ಸುಮಾರು 330. ಅಂದರೆ ಮ್ಯಾನ್ಯುಯಲ್‌ನ 300 ನಂಬಬಹುದು, 1500 ಅಲ್ಲ.

ಬಿಸಿಯಾಗುವುದಕ್ಕೆ ಕಾರಣ ಬಹುಶಃ ವೈರಿಂಗ್. ಎರಡು 2 ಓಮ್ ಕಾಯಿಲ್‌ಗಳನ್ನು ಪ್ಯಾರಲಲ್ ಕೊಟ್ಟರೆ 1 ಓಮ್ ಆಗುತ್ತದೆ. ಓಮ್ ಇಳಿದಷ್ಟೂ ಆಂಪ್‌ನಿಂದ ಕರೆಂಟ್ ಜಾಸ್ತಿ ಹರಿಯುತ್ತದೆ; ನಿಮ್ಮ ಆಂಪ್‌ಗೆ 2 ಓಮ್‌ಗಿಂತ ಕೆಳಗೆ ಇಳಿಯಬಾರದು. ಆಂಪ್‌ನಿಂದ ಸಬ್ ವೈರ್ ಬಿಚ್ಚಿ, ಆ ವೈರ್‌ಗೆ ಮಲ್ಟಿಮೀಟರ್ ಇಟ್ಟು ಓಮ್ ನೋಡಿ. 1ರ ಹತ್ತಿರ ತೋರಿಸಿದರೆ ಅದೇ ತಪ್ಪು. ಸೀರೀಸ್ ಮಾಡಿಸಿ, 4 ಓಮ್ ಆಗುತ್ತದೆ.

ಇನ್ನೊಬ್ಬ ಸದಸ್ಯರು: ಆಗ ಬರುವುದು 180 ಮಾತ್ರ ಅಲ್ವಾ? ಪವರ್ ಕಮ್ಮಿ ಆದರೆ ಸಬ್ ಸುಡುತ್ತೆ ಅಂತಾರೆ.

ಉತ್ತರ: ಕಮ್ಮಿ ಪವರ್‌ನಿಂದ ಸಬ್ ಸುಡಲ್ಲ. ಸೌಂಡ್ ಸಾಲದು ಅಂತ ಗೇನ್ (ಸ್ಟೀರಿಯೋ ಸಿಗ್ನಲ್‌ಗೆ ಆಂಪ್ ಹೊಂದಿಸುವ ನಾಬ್) ಪೂರ್ತಿ ತಿರುಗಿಸುತ್ತಾರಲ್ಲ, ಆಗ ಆಂಪ್ ಕ್ಲಿಪ್ ಆಗುತ್ತದೆ, ಅಂದರೆ ಮಿತಿ ಮೀರಿ ಅಲೆಯ ತುದಿ ಕತ್ತರಿಸುತ್ತದೆ. ತನ್ನ ರೇಟಿಂಗ್‌ಗಿಂತ ಜಾಸ್ತಿ ಪವರ್ ಕಾಯಿಲ್‌ಗೆ ತಳ್ಳುತ್ತದೆ, ಕಾಯಿಲ್ ಬಿಸಿಯಾಗಿ ಸುಡುತ್ತದೆ. ಗೇನ್ ವಾಲ್ಯೂಮ್ ಅಲ್ಲ, ದಯವಿಟ್ಟು ಇದನ್ನು ನೆನಪಿಡಿ. ಇನ್ನು 180ಕ್ಕೂ 300ಕ್ಕೂ ಇರುವ ಅಂತರ ಸುಮಾರು 2.2 ಡೆಸಿಬಲ್. ಕಿವಿಗೆ ಅದು ಸ್ವಲ್ಪವೇ.

ಗೇನ್ ಸೆಟ್ ಮಾಡುವುದು ಹೀಗೆ. ಸಬ್ ವೈರ್ ಬಿಚ್ಚಿರಲಿ, ಬಾಸ್ ಬೂಸ್ಟ್ ಆಫ್. ಸ್ಟೀರಿಯೋ ವಾಲ್ಯೂಮ್ ಮುಕ್ಕಾಲು ಇಟ್ಟು 50 ಹರ್ಟ್ಸ್ ಟೋನ್ ಹಾಕಿ. ಆಂಪ್ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ನೋಡುತ್ತಾ ಗೇನ್ ನಿಧಾನವಾಗಿ ಏರಿಸಿ. 180 ವ್ಯಾಟನ್ನು 4 ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 27 ವೋಲ್ಟ್. ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಸರ್, ಮೀಟರ್ 0.9 ತೋರಿಸಿತು! ಸೀರೀಸ್ ಮಾಡಿಸಿದೆ. ಹಾಸನದಿಂದ ಸಕಲೇಶಪುರದವರೆಗೆ ಜೋರಾಗಿಯೇ ಹಾಕಿಕೊಂಡು ಹೋದೆ, ಕೆಂಪು ಲೈಟ್ ಬರಲೇ ಇಲ್ಲ. ಗೇನ್ ಭಾನುವಾರ ಸೆಟ್ ಮಾಡುತ್ತೇನೆ.